ಕಣ್ಣಿಗೆ ಹೊಡೆದ ಅಲೆ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ತಿಂಗಳು ಒಂದು ರಾತ್ರಿ, ಹನ್ನೊಂದರ ಸುಮಾರಿಗೆ ಯಾರೋ ನಮ್ಮ ಮನೆಯ ಬಾಗಿಲು ಬಡಿದರು. ನೋಡಿದರೆ ನನ್ನ ಹಳೆಯ ವಿದ್ಯಾರ್ಥಿ. ಈಗ ಗೇಟು, ಗ್ರಿಲ್ಲು ಮಾಡುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ಅವನ ಅಮ್ಮ ಕೈಹಿಡಿದು ನಡೆಸಿಕೊಂಡು ಬಂದಿದ್ದರು. ಕಣ್ಣು ಬಿಡಲಾಗದು, ನೀರು ಸುರಿಯುತ್ತಲೇ ಇದೆ. ರೆಪ್ಪೆಯ ಮೇಲೆ ಆಲೂಗಡ್ಡೆ ಹೋಳಿಟ್ಟು ಬಟ್ಟೆ ಕಟ್ಟಿದ್ದರು. "ಒಳಗೆ ಮರಳು ತುಂಬಿದ ಹಾಗಿದೆ ಸಾರ್" ಅಂದ. ಮಧ್ಯಾಹ್ನ ಕಪ್ಪು ಗಾಜು ಹಿಡಿಯದೆ ವೆಲ್ಡಿಂಗ್ ಮಾಡಿದ್ದನಂತೆ. ಆಗ ಏನೂ ಆಗಲಿಲ್ಲ. ನೋವು ಶುರುವಾದದ್ದು ಉಂಡು ಮಲಗಿದ ಮೇಲೆ. ಈ ಕೆಲಸದವರು ಇದನ್ನು "ವೆಲ್ಡಿಂಗ್ ಹೊಡೆದಿದೆ" ಅನ್ನುತ್ತಾರೆ. ಹೊಡೆದದ್ದು ನೇರಳಾತೀತ ಕಿರಣ. ಅದೂ ಒಂದು ವಿದ್ಯುತ್ಕಾಂತೀಯ ಅಲೆಯೇ.

ನನ್ನ ಈ ದನಿಯನ್ನು ನಿಮ್ಮ ಮನೆಗೆ ಹೊತ್ತು ತರುತ್ತಿರುವುದೂ ಅದೇ ಕುಲದ ಅಲೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಅಲೆ ಒಂದೊಂದೂ ಸುಮಾರು 490 ಮೀಟರ್ ಉದ್ದ. ಮೈಕ್ರೋವೇವ್ ಒಲೆಯದು ಸುಮಾರು 12 ಸೆಂಟಿಮೀಟರ್, ಅರ್ಧ ಗೇಣು ಅನ್ನಿ. ಟಿವಿ ರಿಮೋಟಿನದು ಕೂದಲೆಳೆಗಿಂತ ಎಷ್ಟೋ ಸಣ್ಣದು. ಇನ್ನೂ ಸಣ್ಣದಾಗುತ್ತ ಹೋದರೆ ಕಣ್ಣಿಗೆ ಕಾಣುವ ಬೆಳಕು, ನೇರಳಾತೀತ, ಎಕ್ಸ್-ರೇ, ಗಾಮಾ. ಎಲ್ಲಕ್ಕೂ ವೇಗ ಒಂದೇ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್. ಏಟಿನ ಬಲ ಮಾತ್ರ ಬೇರೆ ಬೇರೆ, ಅಲೆ ಸಣ್ಣದಾದಷ್ಟೂ ಏಟು ಜೋರು.

ಜಿಟಿಜಿಟಿ ಮಳೆ ದಿನವಿಡೀ ಸುರಿದರೂ ಹೆಂಚು ಒಡೆಯುವುದಿಲ್ಲ. ದಪ್ಪ ಆಲಿಕಲ್ಲು ಒಂದೇ ಬಿದ್ದರೂ ಸಾಕು. ರೇಡಿಯೋ, ಮೊಬೈಲು, ವೈ-ಫೈ ಅಲೆಗಳು ಜಿಟಿಜಿಟಿ ಮಳೆಯ ಜಾತಿ. ಹೆಚ್ಚಾದರೆ ಮೈಯನ್ನು ಬಿಸಿ ಮಾಡುತ್ತವೆ, ಆದರೆ ಜೀವಕೋಶದೊಳಗಿನ ಡಿಎನ್‌ಎಯ ಕೊಂಡಿ ಮುರಿಯುವ ಕಸುವು ಅವಕ್ಕಿಲ್ಲ. ಅಲೆ ತನ್ನ ಶಕ್ತಿಯನ್ನು ತಲುಪಿಸುವುದು ಮಳೆಹನಿಯ ಹಾಗೆ, ಕಣ ಕಣವಾಗಿ. ನೇರಳಾತೀತ ಕಿರಣದ ಒಂದು ಕಣಕ್ಕೆ ಮೊಬೈಲ್ ಅಲೆಯ ಕಣಕ್ಕಿಂತ ಹತ್ತು ಲಕ್ಷ ಪಟ್ಟಿನಷ್ಟು ಶಕ್ತಿ. ಆಲಿಕಲ್ಲು ಶುರುವಾಗುವುದು ಅಲ್ಲಿಂದ.

ನಮ್ಮ ಬೀದಿಯಲ್ಲಿ ಮೊಬೈಲ್ ಟವರ್ ಬೇಡವೆಂದು ಸಹಿ ಸಂಗ್ರಹಿಸುತ್ತಿದ್ದಾರೆ. ನನ್ನಲ್ಲಿಗೂ ಬಂದಿದ್ದರು. ಮಕ್ಕಳ ಬಗೆಗಿನ ಅವರ ಆತಂಕವನ್ನು ನಾನು ಹಗುರವಾಗಿ ಕಾಣಲಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2011ರಲ್ಲಿ ಈ ಅಲೆಗಳನ್ನು "ಕ್ಯಾನ್ಸರ್ ತರಬಹುದೇನೋ" ಎಂಬ ಗುಂಪಿಗೆ, ಅಂದರೆ 2ಬಿ ಗುಂಪಿಗೆ ಸೇರಿಸಿತು. ಪುರಾವೆ ಗಟ್ಟಿಯಾಗಿಲ್ಲ, ಸಂಶಯ ಪೂರ್ತಿ ಕಳೆದಿಲ್ಲ ಎಂದರ್ಥ. ಭಾರತ ಸರ್ಕಾರ 2012ರಲ್ಲಿ ಟವರುಗಳ ವಿಕಿರಣದ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. ಜನ ಗಮನಿಸದ ಸಂಗತಿ ಇನ್ನೊಂದಿದೆ. ಟವರ್ ದೂರವಾಗಿ ಸಿಗ್ನಲ್ ಕ್ಷೀಣಿಸಿದಷ್ಟೂ, ಕಿವಿಗೆ ಒತ್ತಿಹಿಡಿದ ಫೋನು ತಾನೇ ಜೋರಾಗಿ ಕೂಗಬೇಕಾಗುತ್ತದೆ. ಒಂದೇ ಕಡ್ಡಿ ಸಿಗ್ನಲ್ ಇರುವಾಗ ಗಂಟೆಗಟ್ಟಲೆ ಮಾತಾಡಬೇಡಿ, ಮಾತಾಡಲೇಬೇಕಾದರೆ ಸ್ಪೀಕರಿಗೆ ಹಾಕಿ ಅಥವಾ ವೈರಿನ ಇಯರ್‌ಫೋನ್ ಹಚ್ಚಿ.

ಅದೇ ಸಂಸ್ಥೆ ಬಿಸಿಲಿನ ವಿಕಿರಣವನ್ನು 1992ರಲ್ಲೇ, ವೆಲ್ಡಿಂಗಿನ ನೇರಳಾತೀತ ಕಿರಣವನ್ನು 2017ರಲ್ಲಿ ಮೊದಲ ಗುಂಪಿಗೆ ಸೇರಿಸಿದೆ. ಕ್ಯಾನ್ಸರ್ ತರುವುದು ಖಚಿತ ಎನ್ನುವ ಗುಂಪು ಅದು. ಅದಕ್ಕೆ ಯಾರೂ ಸಹಿ ಸಂಗ್ರಹಿಸುವುದಿಲ್ಲ. ಶಾಲೆ ಬಿಟ್ಟ ಮಕ್ಕಳು ಬ್ಯಾಗು ಹೊತ್ತುಕೊಂಡೇ ರಸ್ತೆ ಬದಿಯಲ್ಲಿ ನಿಂತು ಆ ನೀಲಿ ಕಿಡಿಯನ್ನು ನೆಟ್ಟ ಕಣ್ಣಿನಿಂದ ನೋಡುತ್ತವೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟ. ಬಿಸಿಲು ವಿಟಮಿನ್ ಡಿ ಕೊಡುತ್ತದೆ, ನಿಜ. ಆದರೆ ನಡುಮಧ್ಯಾಹ್ನ ಗದ್ದೆಯಲ್ಲಿ ದುಡಿಯುವವರ ಕಣ್ಣಿಗೆ ಪೊರೆ ಬರುವುದರಲ್ಲಿ ಅದರ ಪಾಲೂ ಇದೆ. ಅಗಲ ಅಂಚಿನ ಟೋಪಿಯೋ ಮುಂಡಾಸೋ ತಲೆಯ ಮೇಲಿರಲಿ.

ಇನ್ನು ಎಕ್ಸ್-ರೇ. 1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಈ ಕಿರಣ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ. ಎದೆಯ ಒಂದು ಎಕ್ಸ್-ರೇಗೆ ಸುಮಾರು 0.1 ಮಿಲಿಸೀವರ್ಟ್ (ಮೈಗೆ ತಗಲಿದ ವಿಕಿರಣವನ್ನು ಅಳೆಯುವ ಮಾನ) ವಿಕಿರಣ. ಎದೆಯ ಸಿಟಿ ಸ್ಕ್ಯಾನಿಗೆ ಅದರ ಹತ್ತಾರು ಪಟ್ಟು. ವೈದ್ಯರು ಬೇಕೆಂದರೆ ಹಿಂಜರಿಯದೆ ಮಾಡಿಸಿ. ಆದರೆ "ಒಂದು ಸ್ಕ್ಯಾನ್ ಬರೆದುಬಿಡಿ ಡಾಕ್ಟ್ರೇ" ಎಂದು ನಾವೇ ದುಂಬಾಲು ಬೀಳುವುದು ಬೇಡ. ಹಳೆಯ ಫಿಲ್ಮುಗಳನ್ನು ಜೋಪಾನವಾಗಿಟ್ಟು ಜೊತೆಗೆ ಒಯ್ದರೆ ಎಷ್ಟೋ ಸಲ ಮತ್ತೆ ತೆಗೆಸುವುದು ತಪ್ಪುತ್ತದೆ. ಗರ್ಭಿಣಿಯರು ಕೋಣೆಗೆ ಕಾಲಿಡುವ ಮೊದಲೇ ಹೇಳಬೇಕು, ತಿಂಗಳು ತಪ್ಪಿದ್ದರೂ ಹೇಳಬೇಕು.

ಆ ಹುಡುಗನನ್ನು ಮರುದಿನ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಸುಟ್ಟದ್ದು ಕಣ್ಣಿನ ಮೇಲ್ಪದರ ಮಾತ್ರ, ಎರಡು ದಿನದಲ್ಲಿ ವಾಸಿಯಾಯಿತು. ಮೊನ್ನೆ ಅಂಗಡಿಯ ಮುಂದೆ ಹಾಯ್ದೆ. 11ನೇ ನಂಬರಿನ ಕಪ್ಪು ಗಾಜಿನ ಗುರಾಣಿಯನ್ನು ಮುಖಕ್ಕೆ ಹಿಡಿದೇ ಬೆಸೆಯುತ್ತಿದ್ದ. ಎದುರಿಗೆ ಕಬ್ಬಿಣದ ಪಟ್ಟಿ ಹಿಡಿದು ಕೂತಿದ್ದ ಇನ್ನೂ ಚಿಕ್ಕ ಹುಡುಗ ಮಾತ್ರ ಬರಿಗಣ್ಣಿನಲ್ಲಿದ್ದ, ಮುಖವನ್ನು ಆಚೆ ತಿರುಗಿಸಿಕೊಂಡು. ಅವನಿಗೂ ಒಂದು ತರಿಸುತ್ತೇನೆಂದು ಮಾಲೀಕರು ಒಪ್ಪಿದ್ದಾರೆ. ನಾಳೆ ಹೋಗಿ ನೋಡುತ್ತೇನೆ.

ನಮಸ್ಕಾರ.