ಹಳಿ ಹೋದರೂ ಜಾಗ ತುಂಡಾಗಬಾರದು

ಕೇಳುಗರಿಗೆ ನಮಸ್ಕಾರ. ರೈಲು ನಿಂತುಹೋದ ಜಾಗದಲ್ಲಿ ನಡೆಯುವ, ಸೈಕಲ್ ತುಳಿಯುವ ಹಾದಿ ಮಾಡಬೇಕು ಎಂದು ಉತ್ಸಾಹದಿಂದ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಅವರಿಗೆ ನಾನು ಹೇಳುವುದು ಒಂದೇ. ದುಡ್ಡು, ಗುದ್ದಲಿ ಎಲ್ಲ ಆಮೇಲೆ. ಮೊದಲು ಆ ಜಾಗ ಬಿಡಿಬಿಡಿಯಾಗಿ ಮಾರಿಹೋಗಿ ತುಂಡಾಗಬಾರದು.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ, ಮಂಡ್ಯ ಕಡೆ ನಾಲೆ ಏರಿ ಮೇಲೆ ವಾಕಿಂಗ್ ಹೋಗುವವರಿಗೆ ಮಟ್ಟದ ಹಾದಿಯ ಸುಖ ಗೊತ್ತು, ಅಲ್ವಾ? ಹಳಿ ಇದ್ದ ಜಾಗವೂ ಹಾಗೇ ಮಟ್ಟ. ರೈಲಿಗೆ ಕಡಿದಾದ ದಿಣ್ಣೆ ಹತ್ತಲು ಆಗುವುದಿಲ್ಲ. ಅದಕ್ಕೇ ದಿಣ್ಣೆ ಕಡಿದು, ತಗ್ಗು ತುಂಬಿಸಿ ಏರಿ ಕಟ್ಟಿರುತ್ತಾರೆ. ಮೋರಿ, ಸೇತುವೆ ಆಗಲೇ ಇರುತ್ತವೆ. ಮಂಡಿನೋವಿನ ಅಜ್ಜಿಯೂ ನಡೆಯಬಹುದು, ಲಾರಿ ಭಯವಿಲ್ಲದೆ ಮಕ್ಕಳೂ ಸ್ಕೂಲಿಗೆ ಹೋಗಬಹುದು.

ಅಮೆರಿಕದ ಷಿಕಾಗೋ ಪಕ್ಕದ ಒಂದು ಕಥೆ ಹೇಳಲೇಬೇಕು. ಅಲ್ಲಿಂದ ಅರೋರಾ, ಎಲ್ಜಿನ್ ಊರುಗಳಿಗೆ ಕರೆಂಟ್ ರೈಲು ಓಡುತ್ತಿತ್ತು. 1957ರ ಜುಲೈನಲ್ಲಿ ಒಂದು ಮಧ್ಯಾಹ್ನ ಅದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿಬಿಟ್ಟರು. ಬೆಳಿಗ್ಗೆ ಅದರಲ್ಲೇ ಕೆಲಸಕ್ಕೆ ಹೋದವರಿಗೆ ಸಂಜೆ ವಾಪಸ್ ಬರಲು ರೈಲೇ ಇಲ್ಲ! ಆಮೇಲೆ ಹಳಿಯೂ ಹೋಯಿತು. ಬರೀ ಜಾಗ ಉಳಿಯಿತು. ಮೇ ವಾಟ್ಸ್ ಎಂಬ ಹೆಂಗಸು, ಗಿಡಮರಗಳ ಬಗ್ಗೆ ಪಾಠ ಹೇಳುತ್ತಿದ್ದವರು, ಆಗ ಎಪ್ಪತ್ತರ ಆಸುಪಾಸು. ಇಂಗ್ಲೆಂಡಿನ ಕಾಲುದಾರಿಗಳನ್ನು ನೋಡಿ ಬಂದಿದ್ದರು. 1963ರಲ್ಲಿ ಷಿಕಾಗೋ ಟ್ರಿಬ್ಯೂನ್ ಪತ್ರಿಕೆಗೆ ಕಾಗದ ಬರೆದರು: ಇದು ನಡೆಯುವ ಹಾದಿಯಾಗಲಿ, ತಡ ಮಾಡಿದರೆ ಬುಲ್ಡೋಜರ್ ಬರುತ್ತದೆ. ಅಷ್ಟೇ. ಜನ ಸೇರಿದರು, ಲಾಭದ ಆಸೆಯಿಲ್ಲದ ಒಂದು ಸಂಸ್ಥೆ ಕಟ್ಟಿದರು. ಊರೂರಿಗೆ ಹೋಗಿ ಸಭೆ ಮಾಡಿದರು, ಅಧಿಕಾರಿಗಳ ಬೆನ್ನು ಬಿಡಲಿಲ್ಲ. 1966ರಲ್ಲಿ ಅಲ್ಲಿನ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದರ ಆಡಳಿತ ಜಾಗವನ್ನು ಇವರಿಗೆ ಗುತ್ತಿಗೆಗೆ ಕೊಟ್ಟಿತು. ಪೊದೆ ಕಡಿದು ಕಸ ಎತ್ತಿದ್ದು ಅದಾದ ಮೇಲೆ. ಇಲಿನಾಯ್ ಪ್ರೇರಿ ಪಾತ್ ಎಂಬ ಆ ಹಾದಿ ಇವತ್ತು ಹೆಚ್ಚುಕಡಿಮೆ ನೂರು ಕಿಲೋಮೀಟರ್ ಇದೆ. ಆ ಜಾಗ ಸೈಟು ಸೈಟಾಗಿ ಮಾರಿಹೋಗಿದ್ದರೆ? ನಡುವೆ ನಾಲ್ಕು ಮನೆ ಎದ್ದರೆ ಸಾಕಿತ್ತು, ಹಾದಿ ಕಥೆ ಮುಗಿದಂತೆ.

ನ್ಯೂಜಿಲೆಂಡಿನ ಒಟಾಗೊದಲ್ಲೂ ನಿಂತುಹೋದ ರೈಲಿನ ಜಾಗದಲ್ಲೇ 150 ಕಿಲೋಮೀಟರ್ ಹಾದಿ ಆಯಿತು. ಅದನ್ನು ವಿವರಿಸಲು ಈಗ ಸಮಯವಿಲ್ಲ.

ನಮ್ಮಲ್ಲಿ ಮೀಟರ್ ಗೇಜ್, ಅಂದರೆ ಹಳೇ ಕಿರಿದಾದ ಹಳಿ ತೆಗೆದ ಕಡೆ ಬಹುತೇಕ ಅದೇ ಜಾಗಕ್ಕೆ ಅಗಲವಾದ ಬ್ರಾಡ್ ಗೇಜ್ ಹಳಿ ಬಂದಿದೆ. ತಿರುವು ನೇರ ಮಾಡಿದ ಕಡೆ ಹಳೇ ಏರಿ ಪಕ್ಕಕ್ಕೆ ಉಳಿಯುತ್ತದೆ. ಅಂಥದ್ದು ನಿಮ್ಮೂರ ಹತ್ತಿರ ಇದ್ದರೆ ಬೋರ್ಡು, ಉದ್ಘಾಟನೆ ಕಲ್ಲು ಅಂತ ಶುರು ಮಾಡಬೇಡಿ, ದಯವಿಟ್ಟು. ಸರ್ವೆ ನಕ್ಷೆ ತೆಗೆಸಿ. ಜಾಗ ರೈಲ್ವೆಯದ್ದೇ ಆಗಿದ್ದರೆ ಗುತ್ತಿಗೆಗೆ ಕೊಡಿ, ಬಿಡಿಬಿಡಿಯಾಗಿ ಮಾರಬೇಡಿ ಎಂದು ಬರವಣಿಗೆಯಲ್ಲಿ ಕೇಳಿ. ಪಕ್ಕದ ಜಮೀನಿನ ರೈತರನ್ನು ಮೊದಲ ಸಭೆಗೇ ಕರೆಯಿರಿ, ಅವರ ಗಾಡಿ ದಾಟುವ ಜಾಗ ಬಿಡಿ. ಇನ್ನು, ರೈಲು ಓಡುತ್ತಿರುವ ಹಳಿ ಮೇಲೆ ಯಾರೂ ವಾಕಿಂಗ್ ಹೋಗಬೇಡಿ, ಅದು ಅಪರಾಧ.

ನೆರಳಿಗೆ ಹೊಂಗೆ ಹಾಕಬೇಕೋ ಬೇವು ಹಾಕಬೇಕೋ ಎಂದು ಕೆಲವರು ಕೇಳಿದ್ದಾರೆ. ಎರಡೂ ಆಗುತ್ತದೆ. ನಕ್ಷೆ ಕೈಗೆ ಬಂದ ಮೇಲೆ ಹಾಕಿ. ನಮಸ್ಕಾರ.