ಗಳಿಗೆ ಬರುವ ಮೊದಲೇ ಸಿದ್ಧವಾಗಿರುವುದು

ಎಲ್ಲರಿಗೂ ನಮಸ್ಕಾರ.

ನಿಧಾನವಾಗಿ ಫೋಟೋ ತೆಗೆಯಿರಿ ಎಂದರೆ ಹೆಚ್ಚಿನವರು ಕೇಳುವುದು ಇಷ್ಟೇ: ಅಷ್ಟರಲ್ಲಿ ಮಗುವಿನ ನಗು ಮುಗಿದುಹೋದರೆ? ಸರಿಯಾದ ಪ್ರಶ್ನೆಯೇ. ಬೆಳಕು, ದೂರ, ನಿಲ್ಲುವ ಜಾಗ, ಈ ಮೂರನ್ನೂ ಮಗು ನಗುವ ಮುಂಚೆಯೇ ತೀರ್ಮಾನಿಸಿಟ್ಟುಕೊಂಡರೆ ಆ ಹೆದರಿಕೆ ಬೇಡ. ನಿಧಾನವೆಲ್ಲ ತಯಾರಿಯಲ್ಲಿ ಇರಲಿ.

ಮೊದಲು ಬೆಳಕು. ಹಗಲು ಬಯಲಿನಲ್ಲಿ ಕೈ ಚಾಚಿ, ನೆಲದ ಮೇಲೆ ಬೀಳುವ ಬೆರಳುಗಳ ನೆರಳನ್ನು ನೋಡಿ. ಅಂಚು ಕತ್ತರಿಸಿಟ್ಟಂತೆ ಕಂಡರೆ ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಂಡಿ; ಸಂಖ್ಯೆ ಚಿಕ್ಕದಾದಷ್ಟೂ ಕಂಡಿ ದೊಡ್ಡದು) 16. ಶಟರ್ ವೇಗ, ಅಂದರೆ ಬೆಳಕು ಒಳಗೆ ಬೀಳುವ ಹೊತ್ತು, ಐಎಸ್‌ಒ ಸಂಖ್ಯೆಗೆ (ಫಿಲ್ಮ್ ಅಥವಾ ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದರ ಅಳತೆ) ಹತ್ತಿರದ್ದು: ಐಎಸ್‌ಒ 100 ಆದರೆ ಸೆಕೆಂಡಿನ 1/125, 400 ಆದರೆ 1/500. ಅಂಚು ಮಸುಕಾದರೆ 11, ನೆರಳು ಕಂಡೂ ಕಾಣದಂತಿದ್ದರೆ 8, ದಟ್ಟ ಮೋಡದಲ್ಲಿ ನೆರಳೇ ಬೀಳದಿದ್ದರೆ 5.6. ಅನುಮಾನ ಬಂದಾಗ ನೆಗೆಟಿವ್ ಫಿಲ್ಮಿಗೆ ಒಂದು ಸ್ಟಾಪ್ ಹೆಚ್ಚೇ (ಅಂದರೆ ದುಪ್ಪಟ್ಟು) ಬೆಳಕು ಕೊಡಿ, ತಡೆದುಕೊಳ್ಳುತ್ತದೆ. ಕಡಿಮೆ ಬಿದ್ದರೆ ಕಪ್ಪು ಭಾಗಗಳಲ್ಲಿ ವಿವರವೇ ಮೂಡಿರುವುದಿಲ್ಲ, ಆಮೇಲೆ ಅದನ್ನು ಎಲ್ಲಿಂದಲೂ ತರಲಾಗದು. ಡಿಜಿಟಲ್‌ನಲ್ಲಿ ಲೆಕ್ಕ ತಿರುವುಮುರುವು, ಬೆಳಕು ಹೆಚ್ಚಾದರೆ ಅಲ್ಲಿ ಕೈತಪ್ಪುವುದು ಬಿಳಿಯ ವಿವರ.

ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ. ಎದುರಿಗಿರುವುದೆಲ್ಲ ನಡುವಣ ಬೂದುಬಣ್ಣ ಎಂದೇ ಅದು ಎಣಿಸುತ್ತದೆ. ಬಿಳಿ ಗೋಡೆಯ ಮುಂದೆ ನಿಂತವರ ಮುಖ ಕಪ್ಪಾಗುವುದು ಇದರಿಂದಲೇ. ಅಲ್ಲಿ ಒಂದರಿಂದ ಒಂದೂವರೆ ಸ್ಟಾಪ್ ಸೇರಿಸಿ.

ಇನ್ನು ದೂರ. 35 ಎಂಎಂ ಫಿಲ್ಮ್ ಕ್ಯಾಮೆರಾದಲ್ಲಿ 35 ಎಂಎಂ ಲೆನ್ಸನ್ನು ಎಫ್ 8ಕ್ಕೆ (ಅಂದರೆ ಅಪರ್ಚರ್ 8) ಇಟ್ಟು 3 ಮೀಟರಿಗೆ ಫೋಕಸ್ ಮಾಡಿದರೆ, ಸುಮಾರು 2 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಮತ್ತೆ ಫೋಕಸ್ ರಿಂಗ್ ಮುಟ್ಟುವ ಅಗತ್ಯವಿಲ್ಲ. ಅದೇ ಲೆನ್ಸ್ ಎಫ್ 2ರಲ್ಲಿ ಹಿಡಿಯುವುದು ಸುಮಾರು 2.6ರಿಂದ 3.5 ಮೀಟರ್ ಮಾತ್ರ. ಮಗು ಒಂದು ಹೆಜ್ಜೆ ಮುಂದೆ ಬಂದರೂ ಮುಖ ಮಸುಕು.

ಫಿಲ್ಮ್ ಹಾಕುವಾಗಿನ ಒಂದು ತಪ್ಪು ಇಡೀ ರೀಲನ್ನೇ ಕಳೆಯುತ್ತದೆ. ಫಿಲ್ಮಿನ ತುದಿ ಅದನ್ನು ಸುತ್ತಿಕೊಳ್ಳುವ ಸ್ಪೂಲಿಗೆ ಸರಿಯಾಗಿ ಸಿಕ್ಕಿರುವುದಿಲ್ಲ, ಆದರೂ ಚಿತ್ರ ಎಣಿಸುವ ಕೌಂಟರ್ 1, 2, 3 ಎಂದು ಓಡುತ್ತಲೇ ಇರುತ್ತದೆ. ಮುಚ್ಚಳ ಹಾಕಿದ ಮೇಲೆ ರಿವೈಂಡ್ ಗುಬ್ಬಿಯನ್ನು (ಫಿಲ್ಮನ್ನು ಹಿಂದಕ್ಕೆ ಸುತ್ತುವ ತಿರುಗುಣಿ) ಮೆಲ್ಲಗೆ ತಿರುಗಿಸಿ ಫಿಲ್ಮಿನ ಸಡಿಲವನ್ನು ಬಿಗಿಮಾಡಿ. ಆಮೇಲೆ ಫಿಲ್ಮ್ ಮುಂದೂಡುವ ಲಿವರ್ ಎಳೆದಾಗಲೆಲ್ಲ ಆ ಗುಬ್ಬಿ ತಾನೂ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ನಿಂತಲ್ಲೇ ನಿಂತಿದೆ.

ಡಿಜಿಟಲ್ ಕ್ಯಾಮೆರಾದವರು ಒಂದು ಸಂಜೆಗೆ ಒಂದು ರೀಲಿನಷ್ಟು, 36 ಚಿತ್ರ ಎಂದು ಮಿತಿ ಹಾಕಿಕೊಳ್ಳಿ, ತೆಗೆದ ಚಿತ್ರ ತಾನಾಗಿ ಪರದೆಗೆ ಬರುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಿ. ಇದನ್ನು ಒತ್ತಿ ಹೇಳುತ್ತೇನೆ. ಕ್ಲಿಕ್ ಸದ್ದು ಕೇಳಿದ ಕೂಡಲೇ ಎದುರಿಗಿದ್ದವರು ಬಿಗಿಹಿಡಿದ ಉಸಿರು ಬಿಡುತ್ತಾರೆ, ಭುಜ ಇಳಿಯುತ್ತದೆ, ಪಕ್ಕದವರತ್ತ ತಿರುಗಿ ನಗುತ್ತಾರೆ. ಅವರ ನಿಜವಾದ ಮುಖ ಕಾಣುವುದು ಆಗ. ಪರದೆಗೆ ಬಗ್ಗಿದವರಿಗೆ ಅದು ಸಿಗುವುದಿಲ್ಲ. ಕ್ಯಾಮೆರಾ ಕಣ್ಣಿನಿಂದ ಇಳಿಸದೆ ಇನ್ನೊಂದು ಚಿತ್ರಕ್ಕೆ ಕಾಯಿರಿ.

ಕೊನೆಗೆ ಪ್ರಿಂಟ್. ಒಂದು ರೀಲಿನಿಂದ ಎರಡು ಮೂರಾದರೂ ಕಾಗದಕ್ಕೆ ಬರಲಿ. ಯಾರು, ಎಲ್ಲಿ, ಯಾವ ದಿನ ಎಂಬುದನ್ನು ಹಿಂಬದಿಯ ಅಂಚಿನಲ್ಲಿ ಹಗುರವಾಗಿ ಬರೆಯಿರಿ. ಬಾಲ್ ಪೆನ್ನಿನಿಂದ ಒತ್ತಿ ಬರೆದರೆ ಅಕ್ಷರಗಳ ಗೆರೆ ಮುಂಬದಿಯ ಮುಖದ ಮೇಲೆ ಉಬ್ಬಿ ಕಾಣುತ್ತದೆ.