ಆಯಿಯ ಹೆಸರು

ಕೇಳುಗರೇ, ನಮಸ್ಕಾರ.

ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಮನೆತನದ ವಂಶಾವಳಿ ಹೇಳುವ ಹೆಳವರು ನಮ್ಮ ಗದಗ-ಬೆಟಗೇರಿ ಮನೆಗೆ ಬರುತ್ತಿದ್ದರು. ಎತ್ತನ್ನು ಬಾಗಿಲಲ್ಲಿ ನಿಲ್ಲಿಸಿ, ಮುತ್ತಜ್ಜನ ಅಪ್ಪನಿಂದ ಹಿಡಿದು ನಮ್ಮಪ್ಪನವರೆಗೆ ಒಂದೇ ಉಸಿರಿಗೆ ಹೆಸರು ಹೇಳುತ್ತಿದ್ದರು. ಅವ್ವ ಮೊರದ ತುಂಬ ಜೋಳ ತಂದು ಹಾಕುತ್ತಿದ್ದಳು. ಆ ಹೆಸರುಗಳಲ್ಲಿ ಆಯಿಯ, ಅಂದರೆ ನಮ್ಮ ಅಜ್ಜಿಯ, ಹೆಸರು ನನಗೆ ಒಮ್ಮೆಯೂ ಕೇಳಲಿಲ್ಲ.

ನಮ್ಮದು ನೇಕಾರರ ಮನೆ. ಕುಣಿಮಗ್ಗದಲ್ಲಿ ಕೂತು ಅಜ್ಜ ಸೀರೆ ನೇಯುತ್ತಿದ್ದ. ನಸುಕಿನಿಂದ ರಾಟಿ ತಿರುಗಿಸಿ ಕಂಡಿಕೆಗೆ, ಅಂದರೆ ಲಾಳಿಯೊಳಗಿನ ಚಿಕ್ಕ ಕೊಳವೆಗೆ, ನೂಲು ಸುತ್ತುತ್ತಿದ್ದವಳು ಆಯಿ. ಲಾಳಿಯೊಳಗೆ ಕಂಡಿಕೆ ಇಲ್ಲದಿದ್ದರೆ ಮಗ್ಗ ನಿಂತೇ ಹೋಗುತ್ತದೆ, ಅಲ್ವಾ? ಆದರೂ ಸಾಹುಕಾರರ ಪುಸ್ತಕದಲ್ಲಿ ಕೂಲಿ ಅಜ್ಜನ ಹೆಸರಿಗೆ. ನಮ್ಮ ಮನೆತನದ ಕಥೆ ನಾನೇ ಬರೆಯಬೇಕು ಅಂತ ಅನಿಸಿದ್ದು ಇದಕ್ಕೇ.

ಹಿರಿಯರನ್ನು ಇಸವಿ ಕೇಳಬೇಡಿ. "ಅದು ಯಾವುದಕ್ಕಿಂತ ಮುಂಚೆ?" ಅಂತ ಕೇಳಿ. ನಮ್ಮ ಅತ್ತೆ, "ಮುಂಬಯಿ ಪ್ರಾಂತ ಬಿಟ್ಟು ಮೈಸೂರಿಗೆ ಸೇರಿದ ವರ್ಷ ಎರಡನೇ ಮಗ್ಗ ಹಾಕಿದರು" ಅಂದರು. ಅಂದರೆ 1956. ಕಾಗದಪತ್ರ ಹುಡುಕುವವರಿಗೆ ಇನ್ನೊಂದು ಮಾತು: ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನದು ಧಾರವಾಡ ಜಿಲ್ಲೆಯ ಹೆಸರಿನಲ್ಲಿ ಇರುತ್ತದೆ.

ಕಷ್ಟವಾದದ್ದು ಕಾಕಾನ ಸಂಗತಿ. ಅಜ್ಜ ತೀರಿದ ಮೇಲೆ ಆ ಎರಡನೇ ಮಗ್ಗವನ್ನು ಕಾಕಾ ಯಾರಿಗೂ ಹೇಳದೆ ಮಾರಿದರು, ಅಪ್ಪ ಅವರೊಂದಿಗೆ ಮಾತು ಬಿಟ್ಟರು. ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದದ್ದು ಇದೇ. ನಾನೂ ಹಾಗೇ ಬರೆದೆ. ಅಪ್ಪ ಈಗಿಲ್ಲ. ಕಾಕಾ ಇದ್ದಾರೆ. ಅವರಿಗೆ ಓದಿ ಹೇಳದೆ ಮುಂದೆ ಬರೆಯಲು ಮನಸ್ಸು ಬರಲಿಲ್ಲ. ಒಂದು ಸಂಜೆ ಹೋಗಿ, ಎದುರಿಗೆ ಕೂತು ಆ ಪುಟ ಓದಿದೆ. ನನ್ನ ದನಿ ನಡುಗುತ್ತಿತ್ತು. ಅವರು ಬಹಳ ಹೊತ್ತು ಸುಮ್ನೆ ಕೂತರು. ಆಮೇಲೆ ಅಂದರು: "ಮಾರು ಅಂದಾಕಿ ನಿಮ್ಮ ಆಯಿ. ನಿಮ್ಮಪ್ಪನ ಕಾಲೇಜಿನ ಫೀ ತುಂಬೋದಿತ್ತು. ಅವಗ ತಿಳಿದ್ರ ಓದು ಬಿಡ್ತಾನ, ಹೇಳಬ್ಯಾಡ ಅಂದ್ಲು."

ಆ ಪುಟವನ್ನು ನಾನು ಹರಿಯಲಿಲ್ಲ. ಇಷ್ಟು ವರ್ಷ ನಾವು ನಂಬಿದ್ದೂ ಇರಲಿ ಅಂತ ಹಾಗೇ ಬಿಟ್ಟು, ಅದರ ಕೆಳಗೆ ಕಾಕಾನ ಮಾತು ಬರೆದೆ.

ಈಗ ಪ್ರತಿ ಭಾನುವಾರ ಅವರ ಮನೆಗೆ ಹೋಗುತ್ತೇನೆ. ಹೋದ ವಾರ ಹೇಳಿದರು, ಮದುವೆಯಲ್ಲಿ ಆಯಿಯ ಹೆಸರು ಬದಲಿಸಿದ್ದರಂತೆ. ತವರಿನ ಹೆಸರು ಕಾಕಾನಿಗೂ ಗೊತ್ತಿಲ್ಲ. ಆಯಿಯ ತವರು ರಾಣೆಬೆನ್ನೂರು. ಅಲ್ಲಿ ಅವಳ ತಮ್ಮನ ಮಕ್ಕಳಿದ್ದಾರೆ. ಬರುವ ವಾರ ಕಾಕಾನನ್ನೂ ಕರೆದುಕೊಂಡು ಹೊರಟಿದ್ದೇನೆ.

ನಮಸ್ಕಾರ.